ಓದದೆ ಬಿಟ್ಟ ಏಳನೆಯ ಪುಟ

ಆ ದಿನ ಪೇಡೆ ಮೊದಲು ಬಂತು, ಕಾಗದ ಆಮೇಲೆ ಬಂತು. ಅಷ್ಟರಲ್ಲೇ ನಾನು ಎಚ್ಚರಾಗಬೇಕಿತ್ತು.

ನಮ್ಮ ವಿಜಯಪುರದ ಕಡೆ ಮನೆ, ಜಾಗದ ವ್ಯವಹಾರ ಕುದುರಿದರೆ ಬಾಯಿ ಸಿಹಿ ಮಾಡುವುದು ರೂಢಿ. ಮೊದಲು ಕಾಗದ ಓದಬೇಕು, ಎರಡೂ ಕಡೆಯವರು ಸಹಿ ಹಾಕಬೇಕು, ಆಮೇಲೆ ಸಕ್ಕರೆ ಹಂಚಬೇಕು. ಸಕ್ಕರೆ ಬಾಯಿಗೆ ಬಿದ್ದ ಮೇಲೆ ಯಾರೂ ತಕರಾರು ಎತ್ತುವುದಿಲ್ಲ. ಎತ್ತಿದವನು ಮಾತಿಗೆ ತಪ್ಪಿದವನು ಅನಿಸಿಕೊಳ್ಳುತ್ತಾನೆ. ಹಳೆಯ ಮಂದಿ ತಿಳಿದೇ ಈ ಕ್ರಮ ಇಟ್ಟಿದ್ದರು. ಟಿಕೋಟಾ ರಸ್ತೆಯ ಮೇಲೆ ಹೊಸದಾಗಿ ತೆರೆದಿದ್ದ ಬಿಲ್ಡರ್ ಆಫೀಸಿನಲ್ಲಿ ಆ ಶುಕ್ರವಾರ ಈ ಕ್ರಮ ತಿರುಗಾಮುರುಗಾ ಆಯಿತು. ಫ್ಲ್ಯಾಟ್ ಬುಕ್ ಮಾಡಲು ಬಂದ ಒಂಬತ್ತು ಮಂದಿ ಪೇಡೆ ಚಪ್ಪರಿಸುತ್ತ ಕುಳಿತಾಗ ನಾನು ಕಾಗದದ ಕಟ್ಟು ಬಿಚ್ಚಿದೆ.

ನಾನು ಪರವಾನಗಿ ಪಡೆದ ಪತ್ರ ಬರಹಗಾರ. ನೋಂದಣಿ ಕಚೇರಿಯ ಕಂಪೌಂಡಿಗೆ ಆತುಕೊಂಡು ಬೇವಿನ ಗಿಡದ ಕೆಳಗೆ ನನ್ನ ಟೇಬಲ್ಲು. ಖರೀದಿ ಪತ್ರ, ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವ ವಾಟ್ನಿ ಪತ್ರ, ಮುಂಗಡ ಕೊಟ್ಟು ಮಾತು ಕಟ್ಟಿಕೊಳ್ಳುವ ಸಂಚಕಾರ ಪತ್ರ, ಎಲ್ಲ ಬರೆದಿದ್ದೇನೆ. ಪ್ರತಿ ಪತ್ರದ ಕೊನೆಗೆ ಬರೆದವನ ಒಂದು ಸಾಲು ಇರುತ್ತದೆ. ಅದಕ್ಕೆ ನಾವು ಬಿಕ್ಕಲಂ ಎನ್ನುತ್ತೇವೆ. "ಪಕ್ಷಗಾರರಿಗೆ ಪೂರ್ತಿ ಓದಿ ಹೇಳಿ, ಅವರು ತಿಳಿದು ಒಪ್ಪಿದ ಮೇಲೆ ಸಹಿ ಮಾಡಿಸಿದೆ" ಎಂದು ಬರೆದು ಕೆಳಗೆ ನಾನು ಸಹಿ ಹಾಕಬೇಕು. ನನಗೆ ಕಸುಬು ಕಲಿಸಿದ ಗುರುಗಳು ತೀರಿಕೊಂಡು ಬಹಳ ವರ್ಷವಾಯಿತು. ಅವರು ಹೇಳುತ್ತಿದ್ದುದು ಈಗಲೂ ಕಿವಿಯಲ್ಲಿದೆ: "ಲೇ, ಪತ್ರದಾಗಿನ ಬ್ಯಾರೆ ಎಲ್ಲಾ ಮಾತು ಮಂದೀವು. ಬಿಕ್ಕಲಂ ಒಂದ ನಿಂದು. ಅದರಾಗ ಸುಳ್ಳ ಬರಿಬ್ಯಾಡ." ಆ ಶುಕ್ರವಾರ ಒಂಬತ್ತು ಕಾಗದಗಳ ಮೇಲೆ ನಾನು ಆ ಸುಳ್ಳು ಬರೆದೆ.

ಒಂಬತ್ತರಲ್ಲಿ ಒಬ್ಬರು ನನಗೆ ಬಹಳ ವರ್ಷದ ಪರಿಚಯ. ಸರ್ಕಾರಿ ನರ್ಸ್ ಆಗಿ ಕಳ್ಳಕವಟಗಿ, ಘೋಣಸಗಿ, ಟಿಕೋಟಾ ಸುತ್ತಿ ಕೊನೆಗೆ ಬಬಲೇಶ್ವರದಲ್ಲಿ ನಿವೃತ್ತರಾಗಿದ್ದರು. ಮದುವೆ ಮಾಡಿಕೊಂಡವರಲ್ಲ. ಊರವರಿಗೆಲ್ಲ ನರ್ಸಬಾಯಿ, ನನಗೆ ಅಕ್ಕ. ನನ್ನ ಹೆಂಡತಿಯ ತವರು ಟಿಕೋಟಾ. ಅಲ್ಲಿಯ ಆಸ್ಪತ್ರೆಯಲ್ಲಿ ನನ್ನ ಮಗಳು ಹುಟ್ಟಿದಾಗ ಅಳಲಿಲ್ಲವಂತೆ. ಈ ಅಕ್ಕ ಕೂಸಿನ ಬಾಯಿ ಸ್ವಚ್ಛ ಮಾಡಿ, ಬೆನ್ನು ಉಜ್ಜಿ ಉಜ್ಜಿ ಅಳಿಸಿದ್ದರು. ಆಮೇಲೆ ಹೊರಗೆ ಬಂದು, "ಚೀರಾಕತ್ತಾಳ ನೋಡಪಾ ನಿನ್ನ ಮಗಳು, ಇನ್ನ ಜೀವನಪೂರ್ತಿ ನೀ ಕೇಳಕೋತ ಕೂಡು" ಎಂದು ನನ್ನನ್ನು ನಗಿಸಿದ್ದರು. ಆ ಮಗಳಿಗೆ ಈಗ ಮದುವೆಯಾಗಿದೆ.

ಅಕ್ಕ ನೌಕರಿಯ ಉದ್ದಕ್ಕೂ ಕ್ವಾಟರ್ಸ್‌ನಲ್ಲಿ ಇದ್ದವರು. "ಗ್ವಾಡಿಗೆ ಒಂದ ಮೊಳಿ ಹೊಡಿಬೇಕಂದ್ರೂ ಇಲಾಖೆದವರನ್ನ ಕೇಳಬೇಕಿತ್ತು ತಮ್ಮಾ," ಎನ್ನುತ್ತಿದ್ದರು. ಬೀಳ್ಕೊಡುವ ದಿನ ಆಸ್ಪತ್ರೆಯವರು ಒಂದು ಗೋಡೆ ಗಡಿಯಾರ ಕೊಟ್ಟಿದ್ದರು. ಅದನ್ನು ಡಬ್ಬಿಯಿಂದ ತೆಗೆದಿರಲಿಲ್ಲ. ಸ್ವಂತ ಮನೆಯ ಗೋಡೆಗೆ ಮೊದಲ ಮೊಳೆ ತಾವೇ ಹೊಡೆದು ಅದನ್ನು ತೂಗುಹಾಕಬೇಕೆಂಬ ಆಸೆ. ಅದಕ್ಕೆ ನೆಲಮಹಡಿಯ ಒಂದು ಸಣ್ಣ ಫ್ಲ್ಯಾಟು ನೋಡಿದ್ದರು. ನಿವೃತ್ತಿಗೆ ಬಂದ ದುಡ್ಡು ಬಿಟ್ಟರೆ ಅವರ ಹತ್ತಿರ ಮತ್ತೇನೂ ಇರಲಿಲ್ಲ.

ಸಹಿಯ ದಿನ ಅಕ್ಕ ಕರಿ ಕನ್ನಡಕ ಹಾಕಿಕೊಂಡು ಬಂದಿದ್ದರು. ಅದೇ ವಾರ ಕಣ್ಣಿನ ಪೊರೆ ತೆಗೆಸಿದ್ದರು. "ಡಾಕ್ಟರು ಓದಬ್ಯಾಡ ಅಂದಾರಪಾ. ನೀ ಓದು, ನಾ ಕೇಳ್ತೀನಿ. ನೀ ಬರಿಯಾಕತ್ತಿ ಅಂತ ಗೊತ್ತಾದ ಮ್ಯಾಲ ಇಲ್ಲಿ ಬುಕ್ ಮಾಡಬೇಕಂತ ಗಟ್ಟಿ ಮಾಡೀನಿ," ಎಂದರು. ನನಗೆ ಹೆಮ್ಮೆಯೇ ಆಯಿತು. ಎಂಥ ಹೆಮ್ಮೆಯೋ ಏನೋ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಏಳನೆಯ ಪುಟದ ಸಂಗತಿ ಹೇಳುತ್ತೇನೆ. ಕರಾರಿನ ಮಜಕೂರು ನಾನು ಬರೆದದ್ದಲ್ಲ. ಬಿಲ್ಡರನ ವಕೀಲರು ಸಿದ್ಧಮಾಡಿದ್ದನ್ನು ಅವರ ಆಫೀಸಿನವರು ಪೆನ್‌ಡ್ರೈವಿನಲ್ಲಿ ತಂದುಕೊಟ್ಟಿದ್ದರು. ನಾನು ಹೆಸರು, ವಿಳಾಸ, ಫ್ಲ್ಯಾಟ್ ನಂಬರು ತುಂಬಿ ಪ್ರಿಂಟ್ ತೆಗೆಯಬೇಕಿತ್ತು. ಪುಟ ಜೋಡಿಸುವಾಗ, ಸಹಿಯ ಹಾಳೆಗೆ ಮುಂಚಿನ ಏಳನೆಯದರ ಮೇಲೆ ಕಣ್ಣು ನಿಂತಿತು. ಕಟ್ಟಡದ ಜಾಗವನ್ನು ಒಂದು ಪತ್ತಿನ ಸಂಘಕ್ಕೆ ಅಡಮಾನ ಮಾಡಲಾಗಿದೆ, ಸಾಲ ತೀರದಿದ್ದರೆ ಸಂಘ ಜಾಗವನ್ನು ಹರಾಜು ಹಾಕಬಹುದು, ಇದನ್ನು ಖರೀದಿದಾರರು ತಿಳಿದು ಒಪ್ಪಿದ್ದಾರೆ ಎಂದಿತ್ತು. ಅಂದರೆ ಜಾಗದ ಮೇಲೆ ಬೋಜಾ ಇತ್ತು.

ಬಿಲ್ಡರನಿಗೆ ಫೋನ್ ಮಾಡಿದೆ. ನನಗಿಂತ ಹತ್ತು ವರ್ಷ ಸಣ್ಣವ, ಮಾತು ಬೆಣ್ಣೆ. "ಅಯ್ಯ ಸಾಹೇಬ್ರ, ಸಾಲ ತಗೊಳ್ಳಾರದ ಯಾರ ಕಟ್ಟತಾರ ಹೇಳ್ರಿ? ಎಲ್ಲಾ ಪ್ರಾಜೆಕ್ಟಿಗೂ ಇದ ಕಲಂ ಇರತೈತಿ. ಮಾಮೂಲಿ," ಎಂದ. ಮತ್ತೆ ಉಸಿರು ಬಿಡದೆ, "ಉಳದ ಫ್ಲ್ಯಾಟಿನ ಕರಾರು ಎಲ್ಲಾ ನಿಮ್ಮ ಕಡೇನ ಮಾಡಸ್ತೀನಿ," ಎಂದ. ನೋಂದಣಿ ಕಚೇರಿಯ ಕೌಂಟರು ನನ್ನ ಟೇಬಲ್ಲಿನಿಂದ ಇಪ್ಪತ್ತು ಹೆಜ್ಜೆ. ಅರ್ಜಿ ಕೊಟ್ಟು ಋಣಭಾರದ ಪ್ರಮಾಣಪತ್ರ, ನಾವು ಈಸಿ ಎನ್ನುವುದು, ತೆಗೆಸಿದ್ದರೆ ಸಾಲ ಎಷ್ಟು, ಎಂದಿನದು ಎಂದು ತಿಳಿಯುತ್ತಿತ್ತು. ನಾನು ಏಳಲಿಲ್ಲ.

ಇನ್ನೊಂದು ಸಂಗತಿಯೂ ನನಗೆ ಗೊತ್ತಿತ್ತು. ಹೊಸ ಕಾಯ್ದೆಯ ಪ್ರಕಾರ ಕರಾರು ನೋಂದಣಿ ಮಾಡಿಸದೆ ಬಿಲ್ಡರ್ ಬೆಲೆಯ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಇವನು ಬಾಂಡ್ ಮೇಲೆ ನೋಟರಿ ಮಾಡಿಸಿ, ಎರಡು ಕಂತಿನಲ್ಲಿ ಬೆಲೆಯ ಬಹುಪಾಲು ಎತ್ತುವವನಿದ್ದ. "ನೋಂದಣಿ ಖರ್ಚು ಎರಡ ಸಲ ಯಾಕ್ರಿ, ಕಡೀಕ ಒಮ್ಮೆಲೆ ಖರೀದಿ ಪತ್ರ ಮಾಡೋಣು," ಎಂದಾಗ ಮಂದಿಗೂ ಅದೇ ಚೊಲೊ ಅನಿಸಿತ್ತು. ನಾನು ಬಾಯಿ ಬಿಡಲಿಲ್ಲ.

ಆ ಶುಕ್ರವಾರ ಆರು ಪುಟ ಸ್ಪಷ್ಟವಾಗಿ ಓದಿದೆ. ಜಾಗದ ನಾಲ್ಕು ದಿಕ್ಕಿನ ಚಕಬಂದಿ ಓದಿದೆ, ಫ್ಲ್ಯಾಟಿನ ಅಳತೆ ಓದಿದೆ, ಕಂತಿನ ವಿವರ ಓದಿದೆ. ಏಳನೆಯದಕ್ಕೆ ಬಂದಾಗ ಹಾಳೆ ತಿರುವಿ, "ಮುಂದಿನದೆಲ್ಲಾ ಮಾಮೂಲಿ ಐತ್ರಿ," ಎಂದೆ. ಯಾರೂ ಏನೂ ಕೇಳಲಿಲ್ಲ, ಪೇಡೆ ತಿಂದಿದ್ದರು. ಅಕ್ಕ ಕೈಚೀಲದಿಂದ ಪೆನ್ನು ತೆಗೆದು, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ತಡವರಿಸುತ್ತ ಸಹಿ ಮಾಡಿದರು. ಜುಮ್ಮಾ ನಮಾಜಿಗೆ ಹೊತ್ತಾಗಿತ್ತು, ಅದಕ್ಕೆ ಅವಸರ ಮಾಡಿದೆ ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡೆ. ಸುಳ್ಳು. ಉಳಿದ ಫ್ಲ್ಯಾಟುಗಳ ಕರಾರಿನ ಆಸೆ ನನ್ನ ಬಾಯಿ ಕಟ್ಟಿತ್ತು. ಅಲ್ಲಾಹನ ಹೆಸರನ್ನು ಇದಕ್ಕೆ ಅಡ್ಡ ತಂದದ್ದು ಇನ್ನೊಂದು ತಪ್ಪು.

ಎರಡು ಸ್ಲ್ಯಾಬ್ ಹಾಕಿದರು. ಮೂರನೆಯದಕ್ಕೆ ಕಂಬಿ ಕಟ್ಟಿದರು, ಅಷ್ಟಕ್ಕೇ ಕೆಲಸ ನಿಂತಿತು. ಮೊದಮೊದಲು ಉಸುಕು ಇಲ್ಲ ಎಂದರು, ಆಮೇಲೆ ಕೆಲಸದವರಿಲ್ಲ ಎಂದರು, ಆಮೇಲೆ ಆಫೀಸಿನ ಬಾಗಿಲೇ ತೆಗೆಯಲಿಲ್ಲ. ಒಂದು ಮುಂಜಾನೆ ಅಕ್ಕನ ಫೋನು ಬಂತು. "ತಮ್ಮಾ, ನನ್ನ ಮನಿ ಗ್ವಾಡಿಗೆ ಯಾರೋ ಕಾಗದ ಹಚ್ಚಿ ಹೋಗ್ಯಾರ. ಹರಾಜು ಅಂತ ಬರದಾರ. ಸ್ವಲ್ಪ ಬರ್ತಿ ಏನಪಾ?" ಎಂದರು.

ಹೋದೆ. ಅವರು "ನನ್ನ ಮನಿ" ಎಂದದ್ದು ನಾಲ್ಕು ಕಂಬ, ಒಂದು ಅರ್ಧ ಗೋಡೆ. ಒಳಗೆ ಜಾಲಿ ಬೆಳೆದಿತ್ತು. ಆ ಗೋಡೆಗೆ ಪತ್ತಿನ ಸಂಘದ ನೋಟೀಸು ಅಂಟಿಸಿತ್ತು. ಅಕ್ಕ ಬಬಲೇಶ್ವರದಿಂದ ಬಸ್ಸಿಗೆ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ನಿಂತಿದ್ದರು. ಎರಡನೆಯ ಕಂತನ್ನೂ ಕೊಟ್ಟು ಆಗಲೇ ವರ್ಷದ ಮೇಲಾಗಿತ್ತು. "ಇಲ್ಲೆ ಅಡಗಿಮನಿ ಬರೂದಿತ್ತು," ಎಂದು ನೆಲ ತೋರಿಸಿದರು. ನನಗೆ ಕಣ್ಣಲ್ಲಿ ನೀರು ಬಂತು. ಮುಖ ಆಚೆ ತಿರುಗಿಸಿದೆ.

ಅವತ್ತು ಮಧ್ಯಾಹ್ನ ಆ ಇಪ್ಪತ್ತು ಹೆಜ್ಜೆ ನಡೆದೆ. ಈಸಿ ತೆಗೆಸಿದೆ. ಕರಾರಿಗಿಂತ ಎರಡು ತಿಂಗಳು ಮೊದಲೇ ಅಡಮಾನ ಪತ್ರ ನೋಂದಣಿಯಾಗಿತ್ತು. ಆಮೇಲೆ ಕಂಪ್ಯೂಟರಿನಲ್ಲಿ, ಆ ಹೊಸ ಕಾಯ್ದೆಯಡಿ ಬಿಲ್ಡರುಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರದ ಜಾಲತಾಣ ತೆರೆದೆ. ಫ್ಲ್ಯಾಟ್ ಮಾರುವ ಬಿಲ್ಡರ್ ತನ್ನ ಪ್ರಾಜೆಕ್ಟಿನ ಎಲ್ಲ ಸಂಗತಿಯನ್ನೂ ಅಲ್ಲಿ ಬಹಿರಂಗ ಮಾಡಬೇಕು: ಜಾಗ ಯಾರದು, ಸಾಲ ಇದೆಯೋ ಇಲ್ಲವೋ, ಕೆಲಸ ಎಲ್ಲಿಗೆ ಬಂದಿದೆ. ಮೂರು ತಿಂಗಳಿಗೊಮ್ಮೆ ಅದನ್ನು ತಿದ್ದಬೇಕು. ನಮ್ಮವನು ಪ್ರತಿ ಸಲವೂ ತಪ್ಪದೆ ತುಂಬಿದ್ದ. ಜಾಗದ ಮೇಲೆ ಸಾಲ ಎಂಬ ಕಾಲಮಿನಲ್ಲಿ ಪ್ರತಿ ಸಲವೂ "ಇಲ್ಲ". ಊರಿಗೆಲ್ಲ ಇಲ್ಲ ಎಂದವನು ನನ್ನ ಕೈಯ ಏಳನೆಯ ಪುಟದಲ್ಲಿ ಮಾತ್ರ ಇದೆ ಎಂದಿದ್ದ. ಯಾರೂ ಓದದ ಜಾಗ ನೋಡಿ ನಿಜ ಬರೆದಿದ್ದ.

ಅಕ್ಕನನ್ನು ಒಬ್ಬ ವಕೀಲರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸು ಸಣ್ಣದಾದರೂ ಕಾಗದ ನೋಡುವ ತಾಳ್ಮೆ ಇದ್ದ ಹೆಣ್ಣುಮಗಳು. ಪ್ರಾಧಿಕಾರಕ್ಕೆ ದೂರು ಹಾಕಿದರು. ಕೊಟ್ಟ ದುಡ್ಡು ಬಡ್ಡಿಯೊಂದಿಗೆ ಮರಳಿ ಬೇಕು ಎಂದು ಕೇಳಿದರು. ಬಿಲ್ಡರನ ಉತ್ತರ ಬಂದಾಗ ವಕೀಲರು ಅದನ್ನು ಸುಮ್ಮನೆ ನನ್ನ ಮುಂದೆ ಸರಿಸಿದರು. ಜಾಲತಾಣದಲ್ಲಿ ಆದದ್ದು ಆಪರೇಟರನ ತಪ್ಪಂತೆ. ಸಾಲದ ವಿಷಯ ಕರಾರಿನಲ್ಲೇ ಇದೆಯಂತೆ. ಖರೀದಿದಾರರಿಗೆ ಅದನ್ನು ಪೂರ್ತಿ ಓದಿ ಹೇಳಲಾಗಿದೆ, ಬೇಕಿದ್ದರೆ ಬಿಕ್ಕಲಂ ನೋಡಬಹುದು ಎಂದಿದ್ದ. ಅವನ ಇಡೀ ಬಚಾವು ನನ್ನ ಒಂದು ಸಾಲಿನ ಮೇಲೆ ನಿಂತಿತ್ತು.

"ಓದಿದ್ರೇನ್ರಿ ಕಾಕಾ?" ಎಂದು ವಕೀಲರು ಕೇಳಿದರು. ಅಕ್ಕ ಪಕ್ಕದಲ್ಲೇ ಕುಳಿತಿದ್ದರು, ನನ್ನ ಕಡೆ ನೋಡಲಿಲ್ಲ.

"ಇಲ್ರಿ," ಎಂದೆ.

"ಹಂಗಂತ ಅಫಿಡವಿಟ್ ಕೊಡ್ತೀರೇನು? ವಿಚಾರ ಮಾಡ್ರಿ. ಕೊಟ್ರ ನಿಮ್ಮ ಲೈಸೆನ್ಸ್ ಹೋಗಬಹುದು. ಬಿಕ್ಕಲಂದಾಗ ಸುಳ್ಳ ಬರದೀನಿ ಅಂತ ನೀವ ಒಪ್ಪಿಕೊಂಡಂಗ."

ಎರಡು ದಿನ ವಿಚಾರ ಮಾಡಿದೆ, ಮೂರು ಸಲ ಮನಸ್ಸು ತಿರುಗಿತು. ಓದಿದ್ದೆ ಅಂದರೆ ನಾನು ಉಳಿಯುತ್ತಿದ್ದೆ. ನೆನಪಿಲ್ಲ ಅಂದರೂ ಯಾರೂ ಏನೂ ಮಾಡುವಂತಿರಲಿಲ್ಲ. ಮೂವತ್ತು ವರ್ಷದಲ್ಲಿ ಎಷ್ಟೋ ಕಾಗದ ಓದಿದವನಿಗೆ ಮರೆತರೆ ತಪ್ಪೇನು? ಹೆಂಡತಿಯ ಮುಂದೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಮ್ಮ ಕೂಸಿನ ಬೆನ್ನ ತಿಕ್ಕಿದ ಕೈ ಐತಿ ಅದು. ನನ್ನ ಏನ ಕೇಳ್ತೀರಿ?" ಎಂದಳು. ಮರುದಿನ ಅಫಿಡವಿಟ್ಟನ್ನು ನಾನೇ ಬರೆದೆ. ಆರು ಪುಟ ಓದಿದೆ, ಏಳನೆಯದನ್ನು ಓದಲಿಲ್ಲ, ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಅಷ್ಟೇ.

ವಿಚಾರಣೆ ವಿಡಿಯೋದಲ್ಲಿ ಆಯಿತು. ವಕೀಲರ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಮೂವರೂ ಕುಳಿತೆವು. ಬಿಲ್ಡರನ ವಕೀಲರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು, ಅದೂ ಮೆತ್ತಗೆ: "ಈ ಒಂಬತ್ತು ಬಿಕ್ಕಲಂ ಸುಳ್ಳು ಅಂತೀರಿ. ಇದಕ್ಕೂ ಹಿಂದೆ ಇಂಥವು ಎಷ್ಟು ಬರೆದಿದ್ದೀರಿ?"

"ಗೊತ್ತಿಲ್ಲ ಸರ್," ಎಂದೆ. ಅದು ನಿಜವಾಗಿತ್ತು. ಉಳಿದದ್ದು ಮಾಮೂಲಿ ಎಂದು ಎಷ್ಟು ಸಲ ಹಾಳೆ ತಿರುವಿದ್ದೆನೋ.

ಈ ಸುದ್ದಿ ನನ್ನ ಟೇಬಲ್ಲಿಗೆ ಬರಲು ತಡವಾಗಲಿಲ್ಲ. ಜಿಲ್ಲಾ ನೋಂದಣಾಧಿಕಾರಿಗಳಿಂದ ನೋಟೀಸು ಬಂತು. ನಾನು ಉತ್ತರದಲ್ಲಿ ಏನನ್ನೂ ಮುಚ್ಚಲಿಲ್ಲ. ಪರವಾನಗಿ ಅಮಾನತಾಯಿತು. ಬೇವಿನ ಗಿಡದ ಕೆಳಗೆ ಈಗ ಬೇರೆಯವರು ಕೂಡುತ್ತಾರೆ. ಅದಕ್ಕಿಂತ ಹೆಚ್ಚು ಸುಟ್ಟದ್ದು ಮನೆಗೆ ಬಂದ ಮಂದಿ. ಘೋಣಸಗಿಯವರು, ಜೈನಾಪುರದವರು, ಇದೇ ಶಹರದ ನಮ್ಮ ಓಣಿಯವರು ಹಳೆಯ ಪತ್ರಗಳನ್ನು ಚೀಲದಲ್ಲಿ ಹಿಡಿದು ಬಂದರು. "ಸಾಹೇಬ್ರ, ನಮ್ಮದು ಪೂರಾ ಓದಿದ್ರಿ ಹೌದಲ್ಲ?" ಎನ್ನುವರು. ಬೈದವರಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮನೆಯ ಕಟ್ಟೆಯ ಮೇಲೆ ಕೂಡಿಸಿಕೊಂಡು ಒಬ್ಬೊಬ್ಬರದನ್ನೂ ಮೊದಲಿನಿಂದ ಕೊನೆಯತನಕ ಓದಿ ಹೇಳಿದೆ. ಅದೇ ಮೂರು ತಿಂಗಳು ನಡೆಯಿತು. ದೇವರ ದಯೆ, ಬೇರೆ ಯಾರದರಲ್ಲೂ ಅಂಥ ಪುಟ ಸಿಗಲಿಲ್ಲ.

ಆದೇಶ ಅಕ್ಕನ ಪರವಾಗಿ ಆಯಿತು. ಬಿಲ್ಡರ್ ಸಾಲದ ವಿಷಯ ಬಹಿರಂಗ ಮಾಡಿಲ್ಲ, ಓದಿ ಹೇಳದ ಪುಟವನ್ನು ತಿಳಿಸಲಾಗಿದೆ ಎನ್ನಲಾಗದು, ನೋಂದಣಿಯಿಲ್ಲದೆ ಮಿತಿ ಮೀರಿ ಮುಂಗಡ ಪಡೆದದ್ದೂ ತಪ್ಪು, ಬಡ್ಡಿಯೊಂದಿಗೆ ಮರಳಿ ಕೊಡತಕ್ಕದ್ದು. ವಕೀಲರ ಕೋಣೆಯಲ್ಲಿ ನಾವು ಚಹಾ ಕುಡಿದು ನಕ್ಕೆವು. ಗಡುವು ಮುಗಿದರೂ ಅವನು ಕೊಡಲಿಲ್ಲ. ವಸೂಲಿಯ ಕಾಗದ ಜಿಲ್ಲಾಧಿಕಾರಿ ಕಚೇರಿಗೆ, ಅಲ್ಲಿಂದ ತಹಶೀಲ್ದಾರರಿಗೆ ಇಳಿಯಿತು. ಅಷ್ಟರಲ್ಲಿ ಸಂಘ ತನ್ನ ಸಾಲಕ್ಕೆ ಜಾಗವನ್ನು ಹರಾಜು ಹಾಕಿಯಾಗಿತ್ತು. ಬಿಲ್ಡರನ ಹೆಸರಿನಲ್ಲಿ ಮತ್ತೆ ಯಾವ ಆಸ್ತಿಯೂ ಕಂಡುಬಂದಿಲ್ಲ ಎಂದು ವರದಿ ಬಂತು. ಅವನು ಊರು ಬಿಟ್ಟಿದ್ದ. ವಸೂಲಿ ಇನ್ನೂ ಬಾಕಿ ಇದೆ.

ಆ ವರದಿ ಬಂದ ವಾರ ಆದೇಶದ ಪ್ರತಿ ತೆಗೆದುಕೊಂಡು ಬಬಲೇಶ್ವರಕ್ಕೆ ಹೋದೆ. ಅಕ್ಕ ಹಿಟ್ಟಿನ ಗಿರಣಿಯ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿದ್ದಾರೆ. ಗಡಿಯಾರದ ಡಬ್ಬಿ ಮಂಚದ ಕೆಳಗೆ ಕಂಡಿತು. ನಾನು ನೋಡಿದ್ದನ್ನು ಅವರು ನೋಡಿದರು. "ಗ್ವಾಡಿಗೆ ಮೊಳಿ ಹೊಡಿಬ್ಯಾಡ್ರಿ ಅಂತ ಮಾಲಕರು ಹೇಳ್ಯಾರ," ಎಂದರು. ಆಮೇಲೆ, "ತಂದೀಯಲ್ಲ, ಓದು," ಎಂದರು.

ಆದೇಶವನ್ನು ದೂರಿನ ನಂಬರಿನಿಂದ ಹಿಡಿದು ಕಡೆಯ ಮುದ್ರೆಯವರೆಗೆ ಒಂದಕ್ಷರ ಬಿಡದೆ ಓದಿದೆ. ಗಿರಣಿ ಶುರುವಾದಾಗ ನಿಲ್ಲಿಸಿದೆ, ನಿಂತಾಗ ಮುಂದುವರಿಸಿದೆ. ವಸೂಲಿಯ ವರದಿಯನ್ನೂ ಓದಿದೆ.

"ಒಂದ ಮಾತ ಹೇಳ್ತೀನಿ, ಮನಸ್ಸಿಗೆ ಹಚ್ಚಿಕೋಬ್ಯಾಡ," ಎಂದರು ಅಕ್ಕ. "ಕಣ್ಣ ಆರಾಮ ಆದ ಮ್ಯಾಲ ಆ ಕರಾರು ನಾನ ಓದಿದ್ದೆ. ಏಳನೇ ಪುಟಾನೂ ಓದಿದ್ದೆ."

"ಎರಡನೇ ಕಂತು ಕೊಡೂಕಿಂತ ಮೊದಲೇನ್ರಿ?" ಎಂದು ಕೇಳಿದೆ.

"ಎಂಟ ದಿನ ಮೊದಲ. ಓದಿ ಎದಿ ಧಸಕ್ ಅಂತು. ನಿನ್ನ ಕೇಳಬೇಕಂತ ಬಸ್ ಸ್ಟ್ಯಾಂಡಿಗೂ ಹೋಗಿದ್ದೆ. ಅಲ್ಲಿ ಕುಂತ ವಿಚಾರ ಮಾಡಿದೆ. ತಮ್ಮ ಮಾಮೂಲಿ ಅಂದಾನ, ಅಂವಗ ತಿಳಿಲಾರದ್ದು ನನಗೇನ ತಿಳಿತೈತಿ? ಹೋಗಿ ಕೇಳಿದ್ರ ನಿನ್ನ ಮ್ಯಾಲ ಸಂಶಯ ಪಟ್ಟಂಗ ಆಕೈತಿ. ಅದಕ್ಕ ಹೊಳ್ಳಿ ಬಂದೆ."

"ಅವತ್ತ ವಿಚಾರಣ್ಯಾಗ ಯಾಕ ಹೇಳಲಿಲ್ರಿ?"

"ಯಾರೂ ಕೇಳಲಿಲ್ಲ. ಕೇಳಿದ್ರ ಹೇಳ್ತಿದ್ದೆ."

ಅಲ್ಲಿಯವರೆಗೆ ನಾನು ಅಂದುಕೊಂಡಿದ್ದುದು, ಓದಲಾಗದ ಕಣ್ಣಿನವರಿಗೆ ಓದಿ ಹೇಳಲಿಲ್ಲ, ಅದು ನನ್ನ ತಪ್ಪು ಎಂದು. ನಿಜವಾಗಿ ಅಕ್ಕ ತಮ್ಮ ಕಣ್ಣಿಂದ ಓದಿದ್ದನ್ನೂ ನಂಬದಂತೆ ನಾನು ಮಾಡಿದ್ದೆ. ದುಡ್ಡಿನ ಬಹುಪಾಲು ಹೋದದ್ದು ಆ ಎರಡನೆಯ ಕಂತಿನಲ್ಲಿ. ಅತ್ತುಬಿಟ್ಟೆ. ಅವರ ಮುಂದೆಯೇ ಅತ್ತುಬಿಟ್ಟೆ. ಅಕ್ಕ ಎದ್ದು ನೀರು ತಂದುಕೊಟ್ಟರು. ನನ್ನ ಬೆನ್ನ ಮೇಲೆ ಕೈ ಇಟ್ಟು, "ಇರಲಿ ಬಿಡಪಾ," ಎಂದರು.

ಆಮೇಲೆ ಟ್ರಂಕಿನಿಂದ ಆ ಹಳೆಯ ಕರಾರು ತೆಗೆದು ನನ್ನ ಕೈಯಲ್ಲಿಟ್ಟರು. "ಇದರಾಗ ಒಂದ ಪುಟ ಉಳದೈತಿ. ಓದಿ ಮುಗಸು," ಎಂದರು.

ಏಳನೆಯ ಪುಟ ತಿರುವಿದೆ. ಕನ್ನಡಕ ಒರೆಸಿಕೊಂಡು, ಸಹಿಯ ದಿನ ಓದಬೇಕಾಗಿದ್ದಷ್ಟೇ ಗಟ್ಟಿಯಾಗಿ, ನಿಧಾನವಾಗಿ ಓದಿದೆ. ಹನ್ನೊಂದು ಸಾಲು ಇದ್ದವು. ಗಿರಣಿ ಮತ್ತೆ ಶುರುವಾಗುವುದರೊಳಗೆ ಮುಗಿದುಹೋಯಿತು.

"ಮುಗೀತೇನು? ಇಷ್ಟ ಏನಪಾ?" ಎಂದರು.

"ಇಷ್ಟ ಐತ್ರಿ ಅಕ್ಕಾ," ಎಂದೆ.